ನಾರ್ಮಲ್ ಮನುಷ್ಯನ ಕಾಯಿಲೆ

ರಕ್ತ, ಮೂತ್ರ, ಕಫ ನೋಡಿ ಕಾಯಿಲೆ ಯಾವುದು, ಅದರ ಮೂಲ ಯಾವುದು ಎಂದು ಹೇಳುವ ಲ್ಯಾಬು ನಾಲ್ಕನೇ ಮಹಡಿಯಲ್ಲಿತ್ತು. ಅಲ್ಲಿಗೆ ಜನರನ್ನು ಹತ್ತಿಸಿ ಇಳಿಸುವ ಲಿಫ್ಟಿನವನನ್ನು ಆ ಕಟ್ಟಡದಲ್ಲಿ ಎಲ್ಲರೂ ‘ನಾರ್ಮಲ್’ ಎಂದೇ ಕರೆಯುತ್ತಿದ್ದರು. ಅದು ಗೇಲಿಗೆ ಇಟ್ಟ ಹೆಸರಲ್ಲ. ಹೆಚ್ಚು ಕಡಿಮೆ ಹುದ್ದೆಯೇ.

ಸಂಗತಿ ಇಷ್ಟೆ. ರಕ್ತ ಅಳೆಯುವ ಯಂತ್ರಕ್ಕೆ ಆರೋಗ್ಯ ಅಂದರೆ ಏನೆಂದು ತಾನಾಗಿ ಗೊತ್ತಿರುವುದಿಲ್ಲ. ದಿನಾ ಬೆಳಿಗ್ಗೆ ಯಾರಾದರೂ ತೋರಿಸಿಕೊಡಬೇಕು. ಬೇರೆ ಲ್ಯಾಬಿನವರು ಅದಕ್ಕೆಂದೇ ಶೀಸೆಯಲ್ಲಿ ಬರುವ ದ್ರವ ತರಿಸುತ್ತಾರೆ. ಈ ಲ್ಯಾಬಿನ ದೊಡ್ಡ ಡಾಕ್ಟರಿಗೆ ಶೀಸೆ ಕಂಡರೆ ಆಗದು. “ಶೀಸೆಯಲ್ಲಿರೋ ಆರೋಗ್ಯವನ್ನ ನಾನು ನಂಬಲ್ಲ. ನನಗೆ ನಡೆದಾಡೋ ಆರೋಗ್ಯ ಬೇಕು” ಎಂದು ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದವನು ಲಿಫ್ಟಿನವನು. ಗಟ್ಟಿ ಆಳು, ನೆಗಡಿ ಕೂಡ ಅರಿಯದವನು. ಅಂದಿನಿಂದ ದಿನದ ಮೊದಲ ಸೂಜಿ ಅವನ ತೋಳಿಗೆ. ಅವನ ರಕ್ತ ಏನು ತೋರಿಸುತ್ತದೋ ಅದೇ ಸರಿ ಎಂದು ಯಂತ್ರದ ಗುಂಡಿ ತಿರುಗಿಸುವುದು, ಆಮೇಲೆ ಊರಿನವರನ್ನೆಲ್ಲ ಅವನ ಲೆಕ್ಕದಲ್ಲಿ ಅಳೆಯುವುದು.

ಇಂಥ ಮರ್ಯಾದೆ ಸಿಕ್ಕರೆ ಯಾರ ತಲೆ ತಿರುಗುವುದಿಲ್ಲ? ಜಾಲರಿ ಬಾಗಿಲು ಎಳೆಯುವಾಗ ಅವನ ಕೈಯಲ್ಲಿ ಒಂದು ಠೀವಿ ಬಂದಿತ್ತು. ಕೆಮ್ಮುತ್ತಾ ಬಂದವರನ್ನು ಕಂಡರೆ, “ಪರವಾಗಿಲ್ಲ ಬನ್ನಿ, ನನ್ನ ಹತ್ತಿರ ನಿಂತ್ಕೊಳ್ಳಿ” ಎನ್ನುವನು, ಆರೋಗ್ಯ ಅಂಟುಜಾಡ್ಯ ಎನ್ನುವಂತೆ. ಮನೆಯಲ್ಲೂ ಅಷ್ಟೆ. ಅವನಿಗೆ ಚಳಿಯಾದರೆ ಚಳಿಗಾಲ, ಅವನಿಗೆ ಸೆಖೆಯಾದರೆ ಬೇಸಿಗೆ.

ಹೀಗಿರುವಾಗ ಅವನಿಗೆ ಬಾಯಾರಿಕೆ ಶುರುವಾಯಿತು. ಎಂಥ ಬಾಯಾರಿಕೆ! ಸ್ಟೂಲಿನ ಕೆಳಗೆ ಒಂದು ಕೊಡ ನೀರು ಇಟ್ಟುಕೊಂಡರೂ ಸಾಲದು. ಕುಡಿದದ್ದು ಸುಮ್ಮನಿರುತ್ತದೆಯೇ? ಪ್ರತಿ ಮಹಡಿಯಲ್ಲೂ ಲಿಫ್ಟ್ ನಿಲ್ಲಿಸಿ, ಒಳಗಿದ್ದವರನ್ನು ಅಲ್ಲೇ ಬಿಟ್ಟು ಓಡುವನು. ಶರ್ಟು ಹ್ಯಾಂಗರಿಗೆ ತೂಗುಹಾಕಿದಂತೆ ಮೈಮೇಲೆ ಜೋಲಾಡತೊಡಗಿತು.

“ರೀ, ಇದು ಸಕ್ಕರೆ ಕಾಯಿಲೇನೇ. ನನ್ನ ತಮ್ಮನಿಗೂ ಹೀಗೇ ಶುರುವಾಗಿದ್ದು” ಎಂದಳು ಹೆಂಡತಿ.

“ದಿನಾ ರಕ್ತ ಕೊಡ್ತೀನಿ ಕಣೇ! ದಿನಾ ನಾರ್ಮಲ್ ಅಂತಾರೆ. ಡಾಕ್ಟರಿಗಿಂತ ನೀನು ದೊಡ್ಡವಳಾ?”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನ ರಕ್ತದಲ್ಲಿ ಸಕ್ಕರೆ ಏರಿದಂತೆಲ್ಲ ಟೆಕ್ನಿಷಿಯನ್ ಅಕ್ಕ, “ಈ ದರಿದ್ರ ಯಂತ್ರ ಮತ್ತೆ ತಪ್ಪು ತೋರಿಸ್ತಾ ಇದೆ” ಎಂದು ಬೈದು ಗುಂಡಿ ತಿರುಗಿಸುತ್ತಿದ್ದಳು. ಅವನು ಸರಿಯಾಗಿಯೇ ಉಳಿದ. ಊರು ಕೆಳಗಿಳಿಯಿತು.

ಗಟ್ಟಿಮುಟ್ಟಾಗಿದ್ದವರ ವರದಿಯಲ್ಲೆಲ್ಲ ‘ಸಕ್ಕರೆ ತೀರಾ ಕಡಿಮೆ’ ಎಂದು ಬರತೊಡಗಿತು. ಬ್ಯಾಂಕಿನ ಮ್ಯಾನೇಜರು ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಂಡು ಓಡಾಡಿದರು. ಇನ್ನು ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಲ್ಲಿ ನರಳಿದವರು ರಾತ್ರಿ ಬೆಳಗಾಗುವುದರಲ್ಲಿ ವಾಸಿಯಾಗಿಬಿಟ್ಟರು. ಲಿಫ್ಟಿನವನ ಭಾವಮೈದುನ, ಬಸ್ ನಿಲ್ದಾಣದ ಎದುರಿನ ಟೈಲರು, ವರದಿ ಹಿಡಿದುಕೊಂಡು ಲಿಫ್ಟಿನಲ್ಲೇ ಕುಣಿದ.

“ಭಾವ, ನೋಡಿ! ನಾನೂ ನಿಮ್ಮಷ್ಟೇ ನಾರ್ಮಲ್ಲು! ಮಾತ್ರೆ ಎಲ್ಲಾ ಕಸದ ಬುಟ್ಟಿಗೆ!”

“ನಮ್ಮ ಸಂಬಂಧ ಅಂದ್ಮೇಲೆ ಅಷ್ಟಾದ್ರೂ ಗುಣ ಬರ್ಬೇಡ್ವೇನಯ್ಯಾ” ಎಂದು ಲಿಫ್ಟಿನವನು ಬೆನ್ನು ತಟ್ಟಿ, ಎರಡನೇ ಮಹಡಿಯಲ್ಲಿ ಇಳಿದು ಓಡಿದ.

ದೊಡ್ಡ ಡಾಕ್ಟರಿಗೆ ನಿದ್ದೆ ಹಾರಿತು. ಕಾರಣವಿಲ್ಲದೆ ಕಾಯಿಲೆಯಿಲ್ಲ ಎನ್ನುವುದು ಅವರ ಮಂತ್ರ. ಊರಿನ ನಕ್ಷೆಯನ್ನು ಗೋಡೆಗೆ ಅಂಟಿಸಿ ಗುಂಡುಸೂಜಿ ಚುಚ್ಚುತ್ತಾ ಹೋದರು. ಮೊದಲು ಬ್ರೆಡ್ಡಿನ ಕಾರ್ಖಾನೆಯ ಹೊಗೆಯ ಮೇಲೆ ಅನುಮಾನ ಬಂತು. ಆಮೇಲೆ ಹೊಸ ಬೀದಿ ದೀಪಗಳ ಮೇಲೆ. ಅದೂ ಅಲ್ಲವೆಂದಾಗ ಜನ ಚಪ್ಪಲಿ ಬಿಗಿಯಾಗಿ ಹಾಕಿಕೊಳ್ಳುವುದರಿಂದ ಸಕ್ಕರೆ ಮೇಲಕ್ಕೆ ಏರದೆ ಪಾದದಲ್ಲೇ ಸಿಕ್ಕಿಕೊಂಡಿದೆ ಎಂದು ಒಂದು ವಾರ ನಂಬಿದರು. ಇಷ್ಟು ಓದಿದ ಮನುಷ್ಯ! ದಿನಾ ಆ ಕಾರಣದ ಪಕ್ಕದಲ್ಲೇ ನಿಂತು ನಾಲ್ಕು ಮಹಡಿ ಮೇಲೆ ಹೋಗುತ್ತಿದ್ದರು, ಅದು ಅವರಿಗೆ ನಮಸ್ಕಾರವನ್ನೂ ಹೊಡೆಯುತ್ತಿತ್ತು.

ಅಷ್ಟರಲ್ಲಿ ಟೈಲರನ ಕಾಲ್ಬೆರಳಿಗೆ ಸೂಜಿ ಚುಚ್ಚಿ ಗಾಯವಾಯಿತು. ಮಾಯಲಿಲ್ಲ. ಬೆರಳು ಊದಿ ನೀಲಿಗಟ್ಟಿತು. ಹೊಲಿಗೆ ಯಂತ್ರ ತುಳಿಯಲಾಗದೆ ಅವನು ಗಿರಾಕಿಗಳ ಬಟ್ಟೆ ಮಡಿಸಿಟ್ಟು ಕೂತ. ಆದರೂ ಮಾತ್ರೆ ಮುಟ್ಟಲೊಲ್ಲ. ವರದಿಯಲ್ಲಿ ಕಾಯಿಲೆ ಇಲ್ಲವಲ್ಲ!

ಆ ದಿನ ಹೆಂಡತಿ ಸೌಟು ಹಿಡಿದೇ ಎದುರು ನಿಂತಳು. “ನೀವು ನಾರ್ಮಲ್ ಆಗಿರೋವರೆಗೂ ನನ್ನ ತಮ್ಮನಿಗೆ ಕಾಯಿಲೆ ಇಲ್ವಂತೆ! ಅವನ ಕಾಲು ಹೋಗುತ್ತೆ ಕಣ್ರೀ. ನಿಮ್ಮ ಜಂಭ ಇಟ್ಕೊಂಡು ಏನು, ಅವನಿಗೆ ಕಾಲು ಮಾಡಿಸ್ತೀರಾ?”

ರಸ್ತೆಯ ಆಚೆ ಬದಿಯ ಲ್ಯಾಬಿಗೆ ಅವನನ್ನು ತೋಳು ಹಿಡಿದು ದರದರ ಎಳೆದುಕೊಂಡು ಹೋದಳು. ಅಲ್ಲಿನವರು ಅವನ ರಕ್ತ ನೋಡಿ, ಕುರ್ಚಿ ತಂದು ಕೂರಿಸಿದರು. “ಇಷ್ಟು ಸಕ್ಕರೆ ಇಟ್ಕೊಂಡು ನೀವು ನಡ್ಕೊಂಡು ಬಂದ್ರಾ?”

ಅವನು ಮೊದಲು ಅವರ ಯಂತ್ರಕ್ಕೆ ಬೈದ. ಆಮೇಲೆ ಅವರಿಗೆ ಬೈದ. ಬೈದು ಬೈದು ಬಾಯಿ ಒಣಗಿ ಅವರ ಹತ್ತಿರವೇ ನೀರು ಕೇಳಿದ. ಇಡೀ ಚೆಂಬು ಖಾಲಿಯಾದ ಮೇಲೆ ಅವನಿಗೆ ಸತ್ಯ ಗಂಟಲಲ್ಲಿ ಇಳಿಯಿತು.

ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರು ಲಿಫ್ಟ್ ಹತ್ತಿದರು.

“ಸಾರ್, ನನಗೆ ಸಕ್ಕರೆ ಕಾಯಿಲೆ.”

“ಹುಚ್ಚಪ್ಪ, ನಿನಗೆ ಬರೋಕೆ ಸಾಧ್ಯಾನೇ ಇಲ್ಲ. ನೀನು ನಾರ್ಮಲ್ಲು.”

“ಎದುರು ಲ್ಯಾಬಲ್ಲಿ ನೋಡಿಸ್ದೆ ಸಾರ್.”

“ಅವರ ಯಂತ್ರಕ್ಕೆ ನೀನು ಪರಿಚಯ ಇಲ್ವಲ್ಲಪ್ಪಾ. ಅದಕ್ಕೇನು ಗೊತ್ತು?”

ಅವನ ನೆತ್ತಿಗೆ ಕೋಪ ಏರಿತು. ಹಿಡಿಯನ್ನು ಎಳೆದ. ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು. ಜಾಲರಿಯ ಆಚೆ ಬರೀ ಗೋಡೆ.

“ನನಗೆ ಕಾಯಿಲೆ ಇದೆ ಅಂತ ಬರೆದುಕೊಡಿ. ಇಲ್ದಿದ್ರೆ ಇಬ್ರೂ ಇಲ್ಲೇ ಇರೋಣ.”

“ನೀನು ರೋಗಿ ಅಂತ ಬರೆದ್ರೆ ಇಷ್ಟು ದಿನ ಕೊಟ್ಟ ವರದಿಗಳ ಗತಿ ಏನು? ನಾನು ಇಷ್ಟು ದಿನ ಹುಡುಕಿದ ಕಾರಣದ ಗತಿ ಏನು?”

“ಕಾರಣ ನಾನೇ ಸಾರ್! ಹೊಗೆ ಅಲ್ಲ, ದೀಪ ಅಲ್ಲ, ಚಪ್ಪಲಿ ಅಂತೂ ಮೊದಲೇ ಅಲ್ಲ. ಈ ನನ್ನ ತೋಳು!”

ಡಾಕ್ಟರು ಆ ತೋಳನ್ನು ನೋಡಿದರು. ಸೂಜಿಯ ಗುರುತು ತುಂಬಿ ಜರಡಿಯಂತಾಗಿತ್ತು. ನಕ್ಷೆಯ ಗುಂಡುಸೂಜಿಗಳೆಲ್ಲ ಇಲ್ಲೇ ಚುಚ್ಚಿದಂತಿದ್ದವು. ಅವರ ಮುಖ ಮೆಲ್ಲಗೆ ಇಳಿಯಿತು.

“ನಿನ್ನನ್ನ ರೋಗಿ ಮಾಡಿದ್ರೆ ನಾರ್ಮಲ್ ಯಾರಪ್ಪಾ ಆಗ್ತಾರೆ?”

“ನೀವೇ ಆಗಿ ಸಾರ್.”

“ನಾನಾ? ನಾನು ಪರೀಕ್ಷೆ ಮಾಡಿಸ್ಕೊಂಡೇ ಇಲ್ಲ ಕಣೋ” ಎಂದರು ಡಾಕ್ಟರು, ಲಿಫ್ಟಿನಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ. “ಭಯ.”

ಕೊನೆಗೆ ಡಾಕ್ಟರು ಚೀಟಿಯನ್ನು ಆ ಜಾಲರಿಗೇ ಒತ್ತಿ ಹಿಡಿದು ಬರೆದರು. ಲಿಫ್ಟಿನವನು ಓದಿದ. ಬೇಕು ಬೇಕೆಂದು ಜಗಳವಾಡಿ ಪಡೆದದ್ದೇ ಆದರೂ ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದ.

“ಬೇರೆದ್ದೆಲ್ಲಾ ನಾರ್ಮಲ್ ತಾನೇ ಸಾರ್?”

“ಇನ್ನೊಬ್ಬರ ಜೊತೆ ಹೋಲಿಸಿ ನೋಡ್ಬೇಕಪ್ಪಾ” ಎಂದರು ಡಾಕ್ಟರು.

ಶೀಸೆಗಳು ಬಂದವು. ವಾಸಿಯಾದವರನ್ನೆಲ್ಲ ಕರೆದು ಮತ್ತೆ ಪರೀಕ್ಷಿಸಿ, ಒಬ್ಬೊಬ್ಬರಿಗೂ ಅವರವರ ಕಾಯಿಲೆ ವಾಪಸ್ಸು ಕೊಟ್ಟರು. ಟೈಲರು ಮಾತ್ರೆ ನುಂಗಿದ, ಇಂಜೆಕ್ಷನ್ ಚುಚ್ಚಿಸಿಕೊಂಡ, ಬೆರಳು ಉಳಿಯಿತು. ಅದಕ್ಕೆ ಭಾವನ ಉಪಕಾರ ನೆನೆದನೆಂದುಕೊಂಡಿರೇನು? “ಚೆನ್ನಾಗಿದ್ದೋನಿಗೆ ರೋಗ ತಂದಿಟ್ಟ ಮಹಾನುಭಾವ!” ಎಂದು ಅಂಗಡಿಗೆ ಬಂದವರೆದುರಿಗೆಲ್ಲ ಉರಿದುಬಿದ್ದ. ಊರಿನ ಉಳಿದ ಸಕ್ಕರೆಯವರೂ ಅವನ ಮಾತಿಗೆ ತಲೆದೂಗಿದರು. ಆ ದ್ರೋಹಿಯ ಲಿಫ್ಟಿಗೆ ಕಾಲಿಡುವುದಿಲ್ಲ ಎಂದು ಎಲ್ಲರೂ ಹಟ ಹಿಡಿದು ಮೆಟ್ಟಿಲಿನಲ್ಲೇ ಹತ್ತತೊಡಗಿದರು, ಮಹಡಿಗೊಮ್ಮೆ ನಿಂತು ಏದುಸಿರು ಬಿಟ್ಟು ಅವನನ್ನು ಬೈಯುತ್ತಾ. ಹೀಗೆ ದಿನಾ ಹತ್ತಿ ಹತ್ತಿ ಅವರ ಸಕ್ಕರೆ ನಿಜವಾಗಿಯೂ ಇಳಿಯತೊಡಗಿತು. ಡಾಕ್ಟರು ಇದಕ್ಕೂ ಕಾರಣ ಹುಡುಕಲು ಹೊಸ ನಕ್ಷೆ ತರಿಸಿದರು.

ಲಿಫ್ಟಿನವನಿಗೂ ನಡೆಯಬೇಕೆಂದು ಅಪ್ಪಣೆಯಾಗಿತ್ತು. ಒಂದು ದಿನ ಲಿಫ್ಟಿಗೆ ಬೀಗ ಹಾಕಿ ಅವನೂ ಮೆಟ್ಟಿಲು ಹತ್ತಿದ. ಮುಂದೆ ಟೈಲರು ಕುಂಟುತ್ತಾ ಹೋಗುತ್ತಿದ್ದ.

“ಬಂದ್ರಾ?” ಎಂದ, ತಿರುಗಿ ನೋಡದೆ.

“ಬಂದೆ ಕಣಯ್ಯಾ. ಸ್ವಲ್ಪ ನಿಧಾನಕ್ಕೆ ಬಯ್ಯಿ, ನನಗೆ ಉಸಿರು ಸಾಲ್ತಿಲ್ಲ.”

ಟೈಲರು ಗೋಡೆ ಹಿಡಿದು ನಿಂತ. ಭಾವ ಹತ್ತಿರ ಬರುವವರೆಗೂ ಕಾದ. ಆಮೇಲೆ ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದ ಬೈಯಲು ಶುರುಮಾಡಿದ.