ಅಂಟುಹಾಳೆ ಓದುವ ನೊಣದಕ್ಕ

ಬೆಳಗಿನ ಐದೂವರೆ. ಕಿಟಕಿಯಿಲ್ಲದ ಹಾಲ್‌ನಲ್ಲಿ ದೀಪಗಳು ಸಾಲುಸಾಲಾಗಿ ಹೊತ್ತಿಕೊಳ್ಳುತ್ತಿವೆ. ಗಿಡಗಳ ನಡುವೆ ತೂಗುವ ಹಳದಿ ಅಂಟುಹಾಳೆಯತ್ತ ಕಣ್ಣು ಹಾಯಿಸಿದ ನೊಣದಕ್ಕ ನಿಂತಲ್ಲೇ ಬೆಚ್ಚುತ್ತಾರೆ. ಒಂದು ಹಾಳೆಗೆ ಐದಾರು ನೊಣ ಸಿಕ್ಕರೆ ಹೆಚ್ಚು, ಇವತ್ತು ಅರವತ್ತೊಂದು! "ಅಯ್ಯಯ್ಯೋ, ಇದೇನ್ ಬಂತಪ್ಪಾ!"

ಮಣ್ಣಿಲ್ಲದೆ ನೀರಿನಲ್ಲೇ ಲೆಟ್ಯೂಸ್ ಬೆಳೆಯುವ ಈ ಕಟ್ಟಡಕ್ಕೆ ಒಂಬತ್ತು ವರ್ಷದ ಹಿಂದೆ ಅವರು ಬಂದದ್ದು ಟ್ರೇ ತೊಳೆಯಲು. ತೊಳೆಯುತ್ತಲೇ ನೊಣಗಳ ಜಾತಿ ಕಲಿತು ಎಲ್ಲರ ಬಾಯಲ್ಲಿ ನೊಣದಕ್ಕ ಆದರು. ಈಗ ದಿನಕ್ಕೆ ನೂರಿಪ್ಪತ್ತು ಹಾಳೆ ನೋಡಿ ನೊಣ ಎಣಿಸುವುದೇ ಕೆಲಸ. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ. "ಊಟಕ್ಕೆ ನೊಣ ಮುತ್ತಿದ್ರೆ ನಾವು ಓಡಿಸ್ತೀವಿ, ಇವಳು ರೆಕ್ಕೆ ನೋಡ್ತಾ ಕೂರ್ತಾಳೆ" ಎಂದು ಗಂಡ ಕಾಲೆಳೆಯುತ್ತಾರೆ.

ಕೂಗು ಕೇಳಿ ಯಜಮಾನರು ಓಡಿ ಬಂದು ಹಾಳೆ ನೋಡುತ್ತಾರೆ. "ಬೇರು ತಿನ್ನೋ ಹುಳ ಬಿತ್ತು! ಹನ್ನೆರಡು ಸಾವಿರ ಗಿಡಾನೂ ಕಿತ್ತು ಬಿಸಾಕಿ!"

"ತಡೀರಿ ಸಾರ್!" ನೊಣದಕ್ಕ ಭೂತಗನ್ನಡಿ ಹಿಡಿಯುತ್ತಾರೆ. "ಬೇರಿಗೆ ಬೀಳೋದು ಸೊಳ್ಳೆ ಥರ, ಕಾಲು ಉದ್ದ. ಇದು ನೋಡಿ, ಗಿಡ್ಡ. ರೆಕ್ಕೆ ಮೇಲೆ ಬಿಳಿ ಚುಕ್ಕೆ. ಇದು ಪಾಚಿ ತಿನ್ನೋದು. ಗಿಡ ಮುಟ್ಬೇಡಿ, ಪಾಚಿ ಹುಡುಕೋಣ."

ಕೀಳಲು ಬಂದವರ ಕೈ ನಿಲ್ಲುತ್ತದೆ.

ಬೆಳಕು ಬಿದ್ದರೆ ತಾನೇ ಪಾಚಿ? ನೀರಿನ ಟ್ಯಾಂಕುಗಳಿಗೆಲ್ಲ ಕಪ್ಪು ಹೊದಿಕೆಯಿದೆ. ಒಂದೊಂದನ್ನೇ ನೋಡುತ್ತಾ ನಾಲ್ಕನೆಯದರ ಬಳಿ ಬಂದು ನೊಣದಕ್ಕ ಬಗ್ಗುತ್ತಾರೆ. ಹೊದಿಕೆಯಲ್ಲಿ ಅಂಗೈಯಗಲದ ಕಿಂಡಿ. ಒಳಗೆ ದಪ್ಪನೆಯ ಹಸಿರು ಪಾಚಿ. ಭಾರದ ಮುಚ್ಚಳ ಎತ್ತಲಾರದೆ, ಇಣುಕಿ ನೋಡಲೆಂದು ತಿಂಗಳ ಹಿಂದೆ ಆ ಕಿಂಡಿ ಕತ್ತರಿಸಿದವರು ಬೇರಾರೂ ಅಲ್ಲ, ಇವರೇ! ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದೆ. ತಮ್ಮ ಒಂದು ಕಿಂಡಿಯಿಂದ ಹಾಲ್‌ಗೆ ಹಾಲೇ ಹಾಳಾಗುತ್ತಿತ್ತು.

ಯಜಮಾನರು ಇನ್ನೂ ಆಚೆ ಸಾಲಿನಲ್ಲಿದ್ದಾರೆ. ಕಿಂಡಿಗೊಂದು ಕಪ್ಪು ಟೇಪ್ ಅಂಟಿಸಿದರೆ ಯಾರಿಗೂ ಗೊತ್ತಾಗದು. ಹೇಳಿದರೆ ಕೆಲಸವೇ ಹೋದೀತು.

"ಸಾರ್, ಇಲ್ಲಿ ಬನ್ನಿ. ಇದು ನಾನ್ ಮಾಡಿದ್ದು."

"ನೀವಾ?" ಯಜಮಾನರು ಕಿಂಡಿಯೊಳಗೆ ಇಣುಕುತ್ತಾರೆ. "ಹೋಗ್ಲಿ, ಹೊದಿಕೆ ಹರಿದಿತ್ತು ಅಂತ ಬರ್ದುಬಿಡಿ" ಎನ್ನುತ್ತಾರೆ.

ನೊಣದಕ್ಕ ದಿನವಹಿ ಪುಸ್ತಕದಲ್ಲಿ ಬರೆಯುತ್ತಾರೆ: 'ಕಿಂಡಿ ಕೊರೆದದ್ದು ನಾನು.' ಬರೆದು ಪುಸ್ತಕವನ್ನು ಯಜಮಾನರತ್ತ ತಿರುಗಿಸುತ್ತಾರೆ.

"ಇವತ್ತು ಸುಳ್ಳು ಬರೆದ್ರೆ, ಇನ್ನೊಂದಿನ ನಾನು 'ಗಿಡ ಮುಟ್ಬೇಡಿ' ಅಂದಾಗ ಯಾರ್ ನಂಬಿ ಕೈ ನಿಲ್ಲಿಸ್ತಾರೆ ಹೇಳಿ?"