ಏರೋಪ್ಲೇನ್ ಚಿಟ್ಟೆಯೂ ನನ್ನ ಅರ್ಧ ಮುಖವೂ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಸೋರಿತು. ಕನ್ನಡಿ ನೋಡಿದೆ.

ಅರ್ಧ ಮುಖ ನನ್ನದಾಗಿರಲಿಲ್ಲ.

ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸುಮನಾ ಚೊಚ್ಚಲ ಹೆರಿಗೆಗೆಂದು ಗುಲ್ವಾಡಿಯ ತವರಿಗೆ ಹೋಗಿದ್ದಳು. ಟವೆಲ್‌ನಿಂದ ಬಾಯಿ ಮುಚ್ಚಿಕೊಂಡು ನಾವುಂದದಲ್ಲಿ ಬಸ್ ಹತ್ತಿದೆ. ಕುಂದಾಪುರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. "ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ. ಮುಖದ ನರ್ವ್ ಊದಿಕೊಂಡಿದೆ. ಹೆಚ್ಚಿನವರಿಗೆ ಸರಿಹೋಗುತ್ತದೆ" ಎಂದರು ಡಾಕ್ಟರು. ಸ್ಟೀರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್. ಉಳಿದವರಿಗೆ ಏನಾಗುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ನಾನು ಮದುವೆ ಫೋಟೋ ತೆಗೆಯುವವನು. ಸ್ವಲ್ಪ ನಗಿ ಎನ್ನುವುದೇ ಕಸುಬು. ಒಪ್ಪಿಕೊಂಡ ಕೆಲಸಗಳನ್ನೆಲ್ಲ ಬೇರೆಯವರಿಗೆ ದಾಟಿಸಿದೆ.

ಅದೇ ವಾರ ಮಗಳು ಹುಟ್ಟಿದಳು. ಹೊರಟು ನಿಂತಾಗ, ನನ್ನ ಮುಖದ ವಿಷಯ ಸುಮನಾಳಿಂದ ತಿಳಿದಿದ್ದ ಅತ್ತೆಯ ಫೋನ್ ಬಂತು. "ಗಾಳಿ ಸೋಕಿದ್ದ್ ಅಂತ ಕಾಣತ್ತ್ ಮಾರಾಯ್ರೆ. ಮೋರಿ ಸಮ ಆದ್ಮೇಲೆ ಬನ್ನಿ. ಬಾಣಂತಿ, ಮಗು ಹೆದ್ರುಕಾಗ."

ಮುಖ ಸರಿಯಾಗುವವರೆಗೆ ಬರಬೇಡಿ ಎಂದದ್ದಕ್ಕೆ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ಮಗಳು ಮೊದಲ ಸಲ ನೋಡುವ ಅಪ್ಪ ಹೀಗಿರುವುದು ಬೇಡವೆಂದು ನನಗೇ ಅನಿಸಿತ್ತು. ತೊಟ್ಟಿಲು ಹಾಕುವ ದಿನವೂ ಹೋಗಲಿಲ್ಲ. ಫೋಟೋ ತೆಗೆಯಲು ಗೆಳೆಯನನ್ನು ಕಳಿಸಿದೆ.

ನನ್ನ ಮಗಳ ಫೋಟೋವನ್ನು ಇನ್ನೊಬ್ಬ ತೆಗೆದ.

ಹಿತ್ತಿಲಲ್ಲೊಂದು ಸಣ್ಣ ಹೊಂಡವಿದೆ. ತಟ್ಟಿ ಹೆಣೆಯಲೆಂದು ತೆಂಗಿನ ಗರಿಯ ಮಡಲುಗಳನ್ನು ಅದರಲ್ಲಿ ನೆನೆಹಾಕಿದ್ದೆ. ನೀರಿನಿಂದ ಮೇಲೆದ್ದ ಮಡಲಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಗಳು ಕೂರುತ್ತಿದ್ದವು, ಕೆಂಪು, ನೀಲಿ. ನನ್ನ ಮುಖ ನೋಡಿ ಅಯ್ಯೋ ಪಾಪ ಎನ್ನದೆ ಇದ್ದದ್ದು ಅವು ಮಾತ್ರ. ಕ್ಯಾಮೆರಾ ಹಿಡಿದು ಮೊದಮೊದಲು ಬೆನ್ನಟ್ಟಿದೆ. ಸಿಕ್ಕಿದ್ದು ಖಾಲಿ ನೀರಿನ ಫೋಟೋಗಳು. ಹಾರಿಹೋದದ್ದು ಅದೇ ತುದಿಗೆ ಮರಳಿ ಬರುತ್ತದೆಂದು ತಿಳಿದ ಮೇಲೆ, ಮಡಲಿಗೇ ಫೋಕಸ್ ಮಾಡಿ, ನನ್ನ ನೆರಳು ನೀರಿಗೆ ಬೀಳದಂತೆ ಕುಕ್ಕರಗಾಲಲ್ಲಿ ಕೂತು ಕಾಯತೊಡಗಿದೆ. ನನ್ನ ಎಡಗಣ್ಣು ಮುಚ್ಚುತ್ತಿರಲಿಲ್ಲ. ಅವಕ್ಕೆ ರೆಪ್ಪೆಯೇ ಇಲ್ಲ. ಒಳ್ಳೆಯ ಜೋಡಿ! ಅವುಗಳ ಜೊತೆ ಮಾತೂ ಆಡುತ್ತಿದ್ದೆ. 'ಪ', 'ಬ' ಬಾಯಿಂದ ಸರಿಯಾಗಿ ಹೊರಡುತ್ತಿರಲಿಲ್ಲ. ಮತ್ತೆ ಹೇಳು ಎಂದು ಕೇಳುವವರು ಅಲ್ಲಿರಲಿಲ್ಲ. ಕೆಲವು ದಿನ ಅದೇ ಸುಖವೆನಿಸಿತು, ಕೆಲವು ದಿನ ಅಳು ಬಂತು.

ಸುಮನಾಳಿಗೆ ದಿನವೂ ಚಿಟ್ಟೆಯ ಫೋಟೋ ಕಳಿಸುತ್ತಿದ್ದೆ. ವಿಡಿಯೋ ಕಾಲ್ ಬಂದರೆ ಮೊಬೈಲನ್ನು ಹೊಂಡದ ಕಡೆ ತಿರುಗಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳ ತಾಳ್ಮೆ ಮುಗಿಯಿತು.

"ಹ್ವಾಯ್, ದಿನಾ ಹುಳದ ಮೋರಿ ಕಂಡ್ ಸಾಕಾಯ್ತ್. ನನ್ ಗಂಡನ ಮೋರಿ ಎಲ್ಲಿತ್ತ್?"

"ಸಮ ಆಗ್ಲಿ ಅಂತ ಕಾಯ್ತಾ ಇದ್ದೆ" ಎಂದೆ.

"ನೀವ್ ಕಾಯುದಲ್ಲ, ಅಡಗಿ ಕೂತದ್ದ್. ನಾಳೆ ನೀವ್ ಬರದಿದ್ರೆ ಮಗು ಎತ್ಕಂಡ್ ನಾನೇ ಬತ್ತೆ." ಅವಳು ಅಳುತ್ತಿದ್ದಳು.

ಫೋನಿಟ್ಟ ಮೇಲೂ ಅಲ್ಲೇ ಕೂತಿದ್ದೆ. ಈ ಹೊಂಡದ ಬದಿಯಲ್ಲಿ ಕಾಯುವುದನ್ನು ಕಲಿತೆನೆಂದು ಒಳಗೊಳಗೇ ಬೀಗಿದ್ದೆ. ಆದರೆ ಚಿಟ್ಟೆಗಾಗಿ ಕಾಯುವಾಗ ಅದು ಬರುವ ಕಡೆಗೆ ಮುಖ ಮಾಡಿ ಕೂರುತ್ತೇವೆ. ಹೆಂಡತಿ ಮಗಳ ವಿಷಯದಲ್ಲಿ ನಾನು ಬೆನ್ನು ಹಾಕಿ ಕೂತು, ಅದನ್ನೇ ಕಾಯುವುದು ಎಂದುಕೊಂಡಿದ್ದೆ.

ಮರುದಿನ ಗುಲ್ವಾಡಿಗೆ ಮಾಸ್ಕ್ ಹಾಕಿಕೊಂಡು ಹೋದೆ. ಅತ್ತೆ ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ಸುಮನಾ ತಾನೇ ಮಾಸ್ಕ್ ಬಿಚ್ಚಿ, ನನ್ನ ಕೆನ್ನೆ ಸವರಿ, ಮಗುವನ್ನು ಕೈಗಿಟ್ಟಳು.

ಈಗ ಎಡ ಹುಬ್ಬು ಅಷ್ಟಿಷ್ಟು ಏಳುತ್ತದೆ. ತುಟಿ ಇನ್ನೂ ನೇರವಾಗಿಲ್ಲ, ಆಗುತ್ತದೋ ಇಲ್ಲವೋ. ಅಂದು ಅಷ್ಟೂ ಇರಲಿಲ್ಲ. ಇದ್ದ ಅರ್ಧ ಮುಖದಲ್ಲೇ ಮಗಳಿಗೆ ನಕ್ಕೆ. ಅವಳು ಕಣ್ಣರಳಿಸಿ ನೋಡಿದಳು.

ಹೆದರಲಿಲ್ಲ. ಅವಳಿಗೆ ನನ್ನ ಹಳೆಯ ಮುಖ ಗೊತ್ತೇ ಇರಲಿಲ್ಲ.