ಗೋಣಿಚೀಲದ ಮೇಲೆ ಕೂತವಳು

ಸದಲಗಾದ ಸೀತವ್ವನ ಮನೆಯಲ್ಲಿ ಗಬ್ಬದ ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಸಾಕು, ದನದ ಡಾಕ್ಟರ ಗಾಡಿ ಬಾಗಿಲಿಗೆ ಬರುತ್ತಿತ್ತು. ಸೊಸೆ ಸಾರಿಕಾಳಿಗೆ ಬಸಿರಿನ ಎರಡನೇ ತಿಂಗಳಲ್ಲಿ ರಕ್ತ ಕಂಡಾಗ ಬಂದದ್ದು ಒಂದು ಗೋಣಿಚೀಲ ಮಾತ್ರ. ಸೀತವ್ವ ಅದನ್ನು ಕೊಟ್ಟಿಗೆಯ ಮೂಲೆಗೆ ಎಸೆದಳು.

"ಬಸರೂ ಅಲ್ಲ, ಏನೂ ಅಲ್ಲ. ಮುಟ್ಟು ತಡಾ ಆಗಿತ್ತು, ಈಗ ಬಂದೈತಿ. ಹೊರಗ ಕುಂದ್ರು."

"ನರ್ಸಬಾಯಿ ಪರೀಕ್ಷಾ ಮಾಡಿ ಹೇಳ್ಯಾರಲ್ರಿ ಅತ್ತಿ."

"ನರ್ಸಬಾಯಿಗಿಂತ ಹೆಚ್ಚ ಹಡದೇನಿ ನಾ."

ಗಂಡ ರಾಜಾರಾಮ ಹೊಸ್ತಿಲಲ್ಲೇ ನಿಂತಿದ್ದ. ಕೊರಳಲ್ಲಿ ತುಳಸಿ ಮಾಲೆ, ಭಜನೆ ಮಾಡುತ್ತ ನಡೆಯುವ ದಿಂಡಿಯ ಜೊತೆ ವಿಠ್ಠಲನ ಪಂಢರಪುರಕ್ಕೆ ಹೊರಡುವ ದಿನಗಳು. ಹೊರಗಾದ ಹೆಂಡತಿಯನ್ನು ಆಸ್ಪತ್ರೆಗೆಂದು ಗಾಡಿಯ ಹಿಂದೆ ಕೂರಿಸಿಕೊಂಡರೆ ಮಡಿ ಕೆಡುತ್ತದೆ. ಆ ವಿಠ್ಠಲನೋ ಜಾತಿ ಕುಲ ಕೇಳದೆ ಬಂದವರ ತಲೆಯನ್ನೆಲ್ಲ ಪಾದಕ್ಕೆ ತಾಕಿಸಿಕೊಳ್ಳುತ್ತಾನೆ. ಅವನ ಭಕ್ತನಿಗೆ ಹೆಂಡತಿಯ ಕೈ ತಾಕಬಾರದು. ಇಂಥ ಭಕ್ತಿಗೆ ಬೆಂಕಿ ಹಾಕಬೇಕು.

ಸಂಜೆಯ ಹೊತ್ತಿಗೆ ಎಲ್ಲ ಗಡ್ಡೆಗಡ್ಡೆಯಾಗಿ ಹೋಯಿತು. ತಲೆ ತಿರುಗಿ ಬಿದ್ದವಳ ಮುಖಕ್ಕೆ ಸೀತವ್ವ ದೂರದಿಂದಲೇ ನೀರು ಎರಚಿದಳು. ತಲೆಗೆ ನೀರು ಹಾಕಿಕೊಂಡ ಮರುದಿನವೇ ಸಾರಿಕಾ ಎಮ್ಮೆ ಹಿಂಡಲು ಕೂರಬೇಕಾಯಿತು. ತುಂಬಿದ ಕೊಡ ಎತ್ತಿದರೆ ಏದುಸಿರು, ಕಣ್ಣಿಗೆ ಕತ್ತಲೆ. ನೀರಿಗೆ ಬಂದ ಹೆಂಗಸರು "ಸುಳ್ಳ ಬಸರಿನಾಕಿ" ಎಂದು ನಕ್ಕರು. ಕಳೆದುಕೊಂಡದ್ದಕ್ಕೆ ಅಳೋಣವೆಂದರೆ, ಇರಲೇ ಇಲ್ಲದ್ದಕ್ಕೆ ಅಳುವುದೇನು ಎಂದು ಮನೆಯವರು ಬೈದರು. ಅವಳ ಅಳು ಹೊಟ್ಟೆಯೊಳಗೇ ಸಿಟ್ಟಾಗಿ ಕೂತಿತು.

ಮೂರು ವರ್ಷದ ಮೇಲೆ ಮತ್ತೆ ಬಸಿರಾದಳು. ಮೂತ್ರಕ್ಕೆ ಹೋದಾಗಲೆಲ್ಲ ರಕ್ತ ಕಂಡೀತೇ ಎಂದು ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅಂಜಿದ್ದೇ ಆಯಿತು, ಸೀರೆಗೆ ಕಲೆ. ಸೀತವ್ವ ಗೋಣಿಚೀಲ ತಂದು ಅವಳ ಮುಂದೆ ಎಸೆದಳು. ರಾಜಾರಾಮ ಈ ಸಲವೂ ದಿಂಡಿಗೆ ಹೊರಟು ನಿಂತಿದ್ದ.

ಸಾರಿಕಾ ಚೀಲ ದಾಟಿ ಸೀದಾ ಒಳಗೆ ನಡೆದಳು. ಕುಡಿಯುವ ನೀರಿನ ಕೊಡ ಮುಟ್ಟಿದಳು. ಗೋಡೆಯಲ್ಲಿನ ದೇವರ ಮಾಡದ ಮೇಲೆ ಕೈಯಿಟ್ಟಳು. ತಡೆಯಲು ಬಂದ ಅತ್ತೆಯ ರಟ್ಟೆ ಹಿಡಿದಳು. ಕೊನೆಗೆ ಗಂಡನ ಕೊರಳ ಮಾಲೆಗೇ ಕೈ ಹಾಕಿದಳು.

"ಎಲ್ಲಾ ಮುಟ್ಟೀನಿ. ಈಗ ಮನಿ ತುಂಬಾ ಮೈಲಿಗಿ ಆಗೈತಿ, ಕಾಯಾಕ ಮಡಿ ಏನೂ ಉಳದಿಲ್ಲ. ಗಾಡಿ ತಗೀರಿ, ಚಿಕ್ಕೋಡಿಗೆ ನಡೀರಿ."

ಚಿಕ್ಕೋಡಿಯ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿ ಹೇಳಿದಳು: "ಕೂಸಿನ ಎದಿ ಬಡೀತೈತಿ. ಬಸರಿದ್ದಾಗ ರಕ್ತ ಕಂಡ್ರ ಅದನ್ನ ಮುಟ್ಟು ಅನಬಾರದು. ಕಂಡ ಕೂಡ್ಲೆ ಬರಬೇಕು."

ಸಾರಿಕಾ ಮೂರು ವರ್ಷದ ಹಿಂದಿನದನ್ನೆಲ್ಲ ಹೇಳಿ ಕೇಳಿದಳು: "ಮೊದಲಿಂದು ಉಳೀತಿತ್ತೇನ್ರಿ?"

"ಅದನ್ನ ಹೇಳಾಕ ಬರೂದಿಲ್ಲವ್ವಾ. ಭಾಳ ಸಲ ಯಾರೂ ಉಳಸಾಕ ಆಗೂದಿಲ್ಲ. ಆದ್ರ ಅಷ್ಟ ರಕ್ತ ಹೋಗಿ ನೀ ಸಾಯಬಹುದಿತ್ತು."

ರಾಜಾರಾಮ ಔಷಧಿ ಚೀಟಿ ಹಿಡಿದು ಹೊರಗೆ ನಡೆದ. ಸಾರಿಕಾಳ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ನೋಡಲು ಬಂದವರಿಗೆಲ್ಲ ಸೀತವ್ವ "ನಮ್ಮ ವಿಠ್ಠಲ ಕಾದಾನ" ಎಂದು ಹೇಳಿದಳು. ಹೇಳುತ್ತಲೇ ತೊಟ್ಟಿಲಿಗೆ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ ಅತ್ತಿ," ಎಂದಳು ಸಾರಿಕಾ, ಬಂದವರೆಲ್ಲ ಕೇಳುವಂತೆ. "ಇಕಿ ನನ್ನ ಅದ ರಕ್ತದಾಗ ಬೆಳದಾಕಿ. ಮುಟ್ಟಿದ್ರ ಜಳಕಾ ಮಾಡಬೇಕಾಗತೈತಿ."

ಸೀತವ್ವ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.